ಶ್ವಾಸಕೋಶದ, ಎದೆಯೊಳಗಿನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ: ಫೈಲು ಕಟ್ಟುವುದು, ಫಾಲೋಅಪ್ ತಪ್ಪಿಸದಿರುವುದು ಹೇಗೆ?

2022ರ ಮೇ ತಿಂಗಳು. ಶ್ವಾಸಕೋಶದ ಕ್ಯಾನ್ಸರಿನ ಚಿಕಿತ್ಸೆ ಮುಗಿದು ವರ್ಷ ದಾಟಿದ್ದ ಅಪ್ಪನಿಗೆ ಬಿಡದೆ ಕೆಮ್ಮು ಬರುತ್ತಿತ್ತು. ಸಿಂಧನೂರಿನಿಂದ ಬಳ್ಳಾರಿಗೆ ಕರೆದುಕೊಂಡು ಹೋಗಿ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದೆವು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಗಟ್ಟಿ ನೆರಳಿದೆ, ರೋಗ ಮರಳಿರುವ ಸಾಧ್ಯತೆ ತಳ್ಳಿಹಾಕಲು ಬರುವುದಿಲ್ಲ, ಹಳೆಯ ಸ್ಕ್ಯಾನ್ ಜೊತೆ ಹೋಲಿಸಿ ಎಂದು ರಿಪೋರ್ಟಿನ ಕೊನೆಗೆ ಬರೆದಿದ್ದರು.

ಹಳೆಯ ಸ್ಕ್ಯಾನ್ ಎಲ್ಲಿ? ಫಿಲ್ಮುಗಳು ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿದ್ದವು. ನಮ್ಮ ಕಡೆಯ ಬೇಸಿಗೆಗೆ ಕಾದ ತಗಡಿನೊಳಗೆ ಒಂದಕ್ಕೊಂದು ಹಪ್ಪಳದ ಹಾಗೆ ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಅಪ್ಪನ ಪಕ್ಕೆಲುಬುಗಳ ಚಿತ್ರ ಸಿಪ್ಪೆಯಾಗಿ ಎದ್ದು ಬಂತು. ನಾಲ್ಕು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಐದನೇ ದಿನ ತಂಗಿ ಟಿವಿ ಷೋಕೇಸಿನಲ್ಲಿ, ತನ್ನ ಮದುವೆ ಸಿಡಿಗಳ ನಡುವೆ, 2021ರ ನವೆಂಬರಿನ ಸ್ಕ್ಯಾನ್ ಸಿಡಿ ಹುಡುಕಿ ತೆಗೆದಳು. ಡಾಕ್ಟರು ಎರಡನ್ನೂ ಒಂದೇ ಪರದೆ ಮೇಲೆ ಅಕ್ಕಪಕ್ಕ ಹಾಕಿ ನೋಡಿದರು. "ಅದೇ ಜಾಗ, ಅದೇ ಅಳತೆ. ಇದು ಕರೆಂಟಿನ ಕಲೆ" ಅಂದರು.

ರೇಡಿಯೇಷನ್‌ಗೆ ನಮ್ಮಲ್ಲಿ 'ಕರೆಂಟು ಕೊಡೋದು' ಅಂತಾರೆ. ಕರೆಂಟು ಬಿದ್ದ ಜಾಗದಲ್ಲಿ ಶ್ವಾಸಕೋಶ ಗಟ್ಟಿಯಾಗಿ ಕಲೆ ಉಳಿಯುವುದು ಮಾಮೂಲು. ಆ ಕಲೆ ಇದ್ದಷ್ಟೇ ಇದೆಯೋ, ಬೆಳೆಯುತ್ತಿದೆಯೋ ಎಂಬುದರ ಮೇಲೆ ಎಲ್ಲ ನಿಂತಿರುತ್ತದೆ. ಹೊಸ ಸ್ಕ್ಯಾನ್ ಒಂಟಿಯಾಗಿ ಅದನ್ನು ಹೇಳಲಾರದು, ಪಕ್ಕದಲ್ಲಿ ಹಳೆಯದು ಬೇಕು. ಈ ಪಾಠಕ್ಕೆ ನಾವು ನಾಲ್ಕು ದಿನ ತೆತ್ತೆವು. ನೀವು ತೆರಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ಐದು ವರ್ಷದಿಂದ ಒಂದು ಫೈಲು ಹೊತ್ತು ತಿರುಗಿದವನು. ನಿಮ್ಮ ಡಾಕ್ಟರು ಹಾಕಿಕೊಟ್ಟ ವೇಳಾಪಟ್ಟಿ ಇಲ್ಲಿರುವುದಕ್ಕಿಂತ ಬೇರೆ ಇದ್ದರೆ ಅವರದನ್ನೇ ಹಿಡಿಯಿರಿ.

ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳವರಿಗೆ ಫೈಲು ಇನ್ನೂ ಹೆಚ್ಚು ಬೇಕು, ಯಾಕೆಂದರೆ ನಮ್ಮ ಚಿಕಿತ್ಸೆ ಒಂದೇ ಊರಲ್ಲಿ ಆಗುವುದಿಲ್ಲ. ಕೆಮ್ಮಿಗೆ ಮೊದಲು ತೋರಿಸುವುದು ರಾಯಚೂರಿನ ರಿಮ್ಸ್‌ನಲ್ಲೋ, ಕೊಪ್ಪಳದ ಕಿಮ್ಸ್‌ನಲ್ಲೋ, ಈಗಲೂ ಎಲ್ಲರೂ ವಿಮ್ಸ್ ಅಂತಲೇ ಕರೆಯುವ ಬಳ್ಳಾರಿ ಆಸ್ಪತ್ರೆಯಲ್ಲೋ. ಗಡ್ಡೆಯ ತುಣುಕು ತೆಗೆದು ನೋಡುವ ಬಯಾಪ್ಸಿ ಒಂದು ಕಡೆ, ಕರೆಂಟು ಬೆಂಗಳೂರಿನ ಕಿದ್ವಾಯಿಯಲ್ಲೋ ಹುಬ್ಬಳ್ಳಿಯಲ್ಲೋ ಹೈದರಾಬಾದಿನಲ್ಲೋ. ಆಮೇಲಿನ ಸ್ಕ್ಯಾನು ಮತ್ತೆ ಊರ ಹತ್ತಿರ. ಪೂರ್ತಿ ಕತೆ ಯಾವ ಆಸ್ಪತ್ರೆಯ ಕಂಪ್ಯೂಟರಿನಲ್ಲೂ ಇರುವುದಿಲ್ಲ, ನಿಮ್ಮ ಕೈಚೀಲದಲ್ಲಿ ಇದ್ದರೆ ಇದೆ.

ಮೊದಲು ಕಾಗದ ಕೂಡಿಸಿ

ಎಲ್ಲಕ್ಕಿಂತ ಮೊದಲು ಬಯಾಪ್ಸಿ ರಿಪೋರ್ಟು. ಯಾವ ಜಾತಿಯ ಕ್ಯಾನ್ಸರ್ ಎಂದು ಹೇಳುವ ಮೂಲ ಕಾಗದ ಅದೊಂದೇ. ಅದರ ಜೊತೆ ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 ಎಂಬ ಹೆಸರಿನ ಜೀನ್ ಮತ್ತು ಪ್ರೋಟೀನ್ ಪರೀಕ್ಷೆಗಳು ಆಗಿದ್ದರೆ ಅವನ್ನೂ ಇಟ್ಟುಕೊಳ್ಳಿ. ಮುಂದೆ ರೋಗ ಮರಳಿದರೆ ಮಾತ್ರೆಯೋ ಇಂಜೆಕ್ಷನ್ನೋ ಎಂದು ತೀರ್ಮಾನಿಸುವಾಗ ಡಾಕ್ಟರು ಮೊದಲು ಕೇಳುವುದು ಇವನ್ನೇ. ತೆಗೆದ ತುಣುಕನ್ನು ಮೇಣದ ಬ್ಲಾಕಿನಲ್ಲಿ ಕೂಡಿಸಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಅದರ ನಂಬರು ಬರೆದುಕೊಳ್ಳಿ. ಎರಡನೇ ಅಭಿಪ್ರಾಯಕ್ಕೆ ಬ್ಲಾಕು, ಸ್ಲೈಡು ಕೈಗೆ ಕೊಟ್ಟರೆ ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ. ಮೇಣ ಮೇಣವೇ.

ಎರಡನೆಯದು ಕರೆಂಟಿನ ಲೆಕ್ಕ. ಎಷ್ಟು ಗ್ರೇ (ಕರೆಂಟಿನ ಡೋಸಿನ ಅಳತೆ), ಎಷ್ಟು ಕಂತು, ಎದೆಯ ಯಾವ ಭಾಗಕ್ಕೆ, ಯಾವ ತಾರೀಖಿನಿಂದ ಯಾವ ತಾರೀಖಿಗೆ ಎಂಬುದು ಅದರಲ್ಲಿ ಇರಬೇಕು. ನಮ್ಮಪ್ಪನಿಗೆ 30 ಕಂತಿನಲ್ಲಿ 60 ಗ್ರೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ 'ರೇಡಿಯೇಷನ್ ಮುಗಿದಿದೆ' ಎಂಬ ಒಂದು ಸಾಲು ಬರೆದು ಕಳಿಸಿದ್ದರು, ವಿವರದ ಹಾಳೆ ಕೇಳಿ ಪಡೆಯಬೇಕಾಯಿತು. ಅದೇ ಜಾಗಕ್ಕೆ ಮತ್ತೆ ಕರೆಂಟು ಕೊಡಬಹುದೇ, ಬೆನ್ನುಹುರಿ ಈಗಾಗಲೇ ಎಷ್ಟು ತಿಂದಿದೆ ಎಂಬ ಲೆಕ್ಕಕ್ಕೆ ಈ ಹಾಳೆಯೇ ಆಧಾರ.

ಕೀಮೋದ ಔಷಧಿ ಹೆಸರು, ಸೈಕಲ್ ಸಂಖ್ಯೆ, ಕೊನೆಯ ತಾರೀಖು ಬರೆಸಿಕೊಳ್ಳಿ. ಸಿಸ್ಪ್ಲಾಟಿನ್ ಪಡೆದವರಿಗೆ ಕಿವಿ ಮಂದವಾಗುವುದು, ಕೈಕಾಲು ಜೋಮು ಹಿಡಿಯುವುದು, ಕಿಡ್ನಿ ಸೋಲುವುದು ಆಗಬಹುದು. ಹೆಸರು ಗೊತ್ತಿದ್ದರೆ ಮುಂದೆ ನೋಡುವ ಡಾಕ್ಟರಿಗೆ ಎಳೆ ಸಿಗುತ್ತದೆ. ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಆಗಿದ್ದರೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಅದರ ಅಡ್ಡಪರಿಣಾಮ ಔಷಧಿ ನಿಂತು ತಿಂಗಳುಗಳಾದ ಮೇಲೂ ಥೈರಾಯ್ಡಿಗೆ, ಶ್ವಾಸಕೋಶಕ್ಕೆ, ಕರುಳಿಗೆ ಬರಬಹುದು. ಬೇಧಿ ಅಂತ ಹೋದರೆ ಊರಿನ ಡಾಕ್ಟರಿಗೆ ಅದು ಹೊಳೆಯುವುದು ಕಷ್ಟ. ಆಪರೇಷನ್ ಆಗಿದ್ದರೆ ಆಪರೇಷನ್ ನೋಟ್ಸು ಮತ್ತು ತೆಗೆದ ಭಾಗದ ರಿಪೋರ್ಟು ಬೇಕು.

ಇನ್ನೊಂದು ಕಾಗದವನ್ನು ಬಹಳ ಜನ ಬಿಸಾಕಿರುತ್ತಾರೆ. ಅದು ಟಿಬಿ ಕಾಗದ. ನಮ್ಮ ಸೀಮೆಯಲ್ಲಿ ಎದೆಯ ನೆರಳು ಅಂದರೆ ಮೊದಲು ನೆನಪಾಗುವುದು ಟಿಬಿ. ಹೀಗಾಗಿ ಕೊನೆಗೆ ಕ್ಯಾನ್ಸರ್ ಎಂದು ತಿಳಿದವರಲ್ಲಿ ಮೊದಲು ಎಕೆಟಿ ಎಂಬ ಟಿಬಿ ಮಾತ್ರೆ ನುಂಗಿದವರು ಕಡಿಮೆಯಿಲ್ಲ. ಅಪ್ಪನೂ ನಾಲ್ಕು ತಿಂಗಳು ನುಂಗಿದರು. ನಿಜವಾಗಿ ಟಿಬಿ ಬಂದು ಹೋದವರ ಶ್ವಾಸಕೋಶದಲ್ಲೂ ಕಲೆ ಉಳಿಯುತ್ತದೆ, ಅದು ಸ್ಕ್ಯಾನಿನಲ್ಲಿ ಗಡ್ಡೆಯ ವೇಷ ಹಾಕಬಹುದು. ಕಫ ಪರೀಕ್ಷೆಯ ಫಲಿತಾಂಶ, ಸರ್ಕಾರದ ಟಿಬಿ ದಾಖಲೆಯ ನಿಕ್ಷಯ್ ನಂಬರು, ಮಾತ್ರೆ ಶುರುವಾದ ಮತ್ತು ನಿಂತ ತಾರೀಖು, ಅಂದಿನ ಎಕ್ಸ್‌ರೇ ಎಲ್ಲವನ್ನೂ ಇದೇ ಫೈಲಿಗೆ ಸೇರಿಸಿ.

ಕಾಗದ ಕಳೆದಿದ್ದರೆ ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಂತೆ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಒಂದು ಕಡೆ ನನಗೆ ಕೌಂಟರಿನವರು "ನಾಳೆ ಬಾ" ಎಂದು ಮೂರು ಸಲ ತಿರುಗಿಸಿದರು. ಸೀಲು ಬಿದ್ದ ನಕಲು ತೋರಿಸಿದ ದಿನ ಸಂಜೆ ಕಾಗದ ಕೈಗೆ ಬಂತು. 3 ವರ್ಷ ಅಂದರೆ ಕಣ್ಣು ಮುಚ್ಚಿ ತೆರೆಯುವಷ್ಟು, ಚಿಕಿತ್ಸೆ ಮುಗಿದ ತಿಂಗಳೇ ಈ ಕೆಲಸ ಮಾಡಿ.

ಮೇಲಿನ ಒಂದು ಹಾಳೆ

ಫೈಲು ದಪ್ಪ ಆದಷ್ಟೂ ಅದನ್ನು ಓದುವವರು ಕಡಿಮೆ. ಓಪಿಡಿಯಲ್ಲಿ ಹೊರಗೆ ನೂರು ಜನ ನಿಂತಿರುವಾಗ ಡಾಕ್ಟರು ಇನ್ನೂರು ಹಾಳೆ ತಿರುವಲಾರರು. ಅದಕ್ಕೇ ಎಲ್ಲದರ ಮೇಲೆ ಒಂದೇ ಒಂದು ಹಾಳೆ. ನಮ್ಮದು ಹೀಗಿದೆ:

ವಯಸ್ಸು 66, ಗಂಡು. ಬಲ ಶ್ವಾಸಕೋಶದ ಮೇಲ್ಭಾಗದ ಕ್ಯಾನ್ಸರ್, ಸ್ಕ್ವೇಮಸ್ ಜಾತಿ, 3ನೇ ಹಂತ.
ಬಯಾಪ್ಸಿ: ಅಕ್ಟೋಬರ್ 2020. ಬ್ಲಾಕ್ ನಂಬರು, ಲ್ಯಾಬಿನ ಹೆಸರು.
ಕೀಮೋ ಜೊತೆ ರೇಡಿಯೇಷನ್: 60 ಗ್ರೇ, 30 ಕಂತು. ಮುಗಿದದ್ದು ಫೆಬ್ರವರಿ 2021.
ಟಿಬಿ ಮಾತ್ರೆ: ಜೂನ್ 2020ರಿಂದ 4 ತಿಂಗಳು. ಕಫದಲ್ಲಿ ಟಿಬಿ ಸಿಕ್ಕಿರಲಿಲ್ಲ.
ಬೇರೆ: ಸಕ್ಕರೆ ಕಾಯಿಲೆ, ಮಾತ್ರೆಗಳ ಹೆಸರು. ಸಲ್ಫಾ ಮಾತ್ರೆ ಆಗುವುದಿಲ್ಲ.
ಬೀಡಿ: 35 ವರ್ಷ, ದಿನಕ್ಕೆ ಒಂದು ಕಟ್ಟು. ಬಿಟ್ಟದ್ದು 2020. ಕೆಲಸ: ಅಕ್ಕಿ ಗಿರಣಿ.
ಕೊನೆಯ ಸ್ಕ್ಯಾನ್: ತಾರೀಖು, ಊರು, ಒಂದು ಸಾಲಿನ ಫಲಿತಾಂಶ. ಮುಂದಿನದು: ತಾರೀಖು.

ಇದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಹೈದರಾಬಾದಿನ ಡಾಕ್ಟರಿಗೆ ನಮ್ಮ ಕನ್ನಡ ಬರುವುದಿಲ್ಲ. ಮನೆಗೊಂದು ಕನ್ನಡದ ಪ್ರತಿ ಇರಲಿ. ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಒಮ್ಮೆ ತೋರಿಸಿ ತಪ್ಪು ತಿದ್ದಿಸಿಕೊಳ್ಳಿ.

ಈ ಹಾಳೆಯಲ್ಲಿ 'ಇದೆ' ಮತ್ತು 'ಇತ್ತು' ಬಗ್ಗೆ ಎಚ್ಚರವಿರಲಿ. ರೋಗಗಳಿಗೆ ಸಂಕೇತ ಕೊಡುವ ಐಸಿಡಿ-10 ಪಟ್ಟಿಯಲ್ಲಿ ಈಗ ಇರುವ ಶ್ವಾಸಕೋಶದ ಕ್ಯಾನ್ಸರಿಗೆ ಸಿ34, ಚಿಕಿತ್ಸೆ ಮುಗಿದು ರೋಗದ ಗುರುತು ಇಲ್ಲದವರ ಹಿಂದಿನ ಇತಿಹಾಸಕ್ಕೆ ಝಡ್85.1. ಧ್ವನಿಪೆಟ್ಟಿಗೆಯಂಥ ಉಳಿದ ಉಸಿರಾಟದ ಮತ್ತು ಎದೆಯೊಳಗಿನ ಅಂಗಗಳ ಇತಿಹಾಸಕ್ಕೆ ಝಡ್85.2. ಕ್ಯಾನ್ಸರಿಗೆಂದೇ ಮಾತ್ರೆಯೋ ಇಂಜೆಕ್ಷನ್ನೋ ಇನ್ನೂ ನಡೆದಿದ್ದರೆ ಅದು 'ಇತ್ತು' ಆಗುವುದಿಲ್ಲ. ಹರ್ನಿಯಾ ಆಪರೇಷನ್ನಿಗೆ ಹೋದಾಗ ಡಿಸ್ಚಾರ್ಜ್ ಕಾಗದದಲ್ಲಿ ಅಪ್ಪನಿಗೆ ಕ್ಯಾನ್ಸರ್ 'ಇದೆ' ಎಂದೇ ಬರೆದುಬಿಟ್ಟಿದ್ದರು. ಅಲ್ಲೇ ನಿಂತು ತಿದ್ದಿಸಿದೆ. ಹಾಗಂತ ವಿಮೆ ಅರ್ಜಿಯಲ್ಲಿ ಇತಿಹಾಸವನ್ನೇ ಮುಚ್ಚಿಡಬೇಡಿ. ಏಜೆಂಟರು "ಬರೀಬೇಡ್ರಿ, ಯಾರ ನೋಡ್ತಾರ" ಅಂತಾರೆ. ಕ್ಲೇಮು ಬಂದ ದಿನ ನೋಡುತ್ತಾರೆ.

ಇಡುವುದು ಹೇಗೆ

ತಗಡಿನ ಟ್ರಂಕು, ಅಟ್ಟ, ಅಡುಗೆಮನೆಯ ಗೋಡೆ ಬೇಡ. ಗೆದ್ದಲು ಹತ್ತದ, ಬಿಸಿಲು ತಾಗದ ಬೀರುವಿನಲ್ಲಿ, ಪ್ರತಿ ಫಿಲ್ಮಿನ ನಡುವೆ ಬಿಳಿ ಹಾಳೆ ಇಟ್ಟು ನಿಲ್ಲಿಸಿ. ಬಿಲ್ಲು, ಇಸಿಜಿಯಂಥ ಶಾಖದ ಮುದ್ರಣದ ಕಾಗದಗಳು ವರ್ಷದೊಳಗೆ ಬಿಳಿಚಿಕೊಳ್ಳಬಹುದು. ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಸ್ಕ್ಯಾನಿಗೆ ಫಿಲ್ಮಿಗಿಂತ ಸಿಡಿ ಮುಖ್ಯ. ಅದರಲ್ಲಿ ಡೈಕಾಮ್ ಎಂಬ ರೂಪದಲ್ಲಿ ನೂರಾರು ಪದರ ಇರುತ್ತವೆ, ಡಾಕ್ಟರು ಹಿಗ್ಗಿಸಿ ಅಳೆದು ನೋಡುವುದು ಅದರಲ್ಲೇ. ಫಿಲ್ಮಿನ ಫೋಟೋ ಹೊಡೆದು ವಾಟ್ಸಾಪ್ ಮಾಡಿದರೆ ಈ ಅಳತೆ ಸಿಗದು. ಸಿಡಿ ಸಿಕ್ಕ ದಿನವೇ ಕಂಪ್ಯೂಟರಿಗೆ ಹಾಕಿ ತೆರೆಯುತ್ತದೆಯೇ ನೋಡಿ. ನಮಗೆ ಒಮ್ಮೆ ಖಾಲಿ ಸಿಡಿ ಕೊಟ್ಟಿದ್ದರು. ನಂತರ ಒಳಗಿರುವ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿ, ಹೆಸರಿನಲ್ಲಿ ವರ್ಷ ಮೊದಲು ಬರಲಿ: 2021-11-ಎದೆ-ಸಿಟಿ. ಹೀಗಿಟ್ಟರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಒಂದು ಪೆನ್‌ಡ್ರೈವು ಮನೆಯಲ್ಲಿ, ಒಂದು ಮಾನ್ವಿಯ ತಂಗಿ ಮನೆಯಲ್ಲಿ, ಮೂರನೆಯದು ಮೊಬೈಲಿನ ಡ್ರೈವ್ ಖಾತೆಯಲ್ಲಿ.

ಸರ್ಕಾರದ ಆರೋಗ್ಯ ಖಾತೆಯ 14 ಅಂಕಿಯ ಆಭಾ ನಂಬರು ಮಾಡಿಸಿಕೊಂಡರೆ ಅದಕ್ಕೆ ಜೋಡಿಸಿದ ಆಸ್ಪತ್ರೆಗಳ ರಿಪೋರ್ಟು ಮೊಬೈಲಿಗೇ ಬರುತ್ತವೆ. ಒಳ್ಳೆಯದು, ಆದರೆ ಅದೊಂದನ್ನೇ ನಂಬಿ ಕಾಗದ ಬಿಸಾಕುವ ಧೈರ್ಯ ನನಗಿಲ್ಲ. ಹೆಸರಿನ ಅಕ್ಷರ ಎಲ್ಲ ಕಡೆ ಆಧಾರ್‌ನಂತೆಯೇ ಇರಲಿ. ಒಂದೂರಿನಲ್ಲಿ 'ಪ್ಪ'ಕ್ಕೆ ಒಂದು ಅಕ್ಷರ ಬಿಟ್ಟರೆ ಇನ್ನೊಂದೂರಿನಲ್ಲಿ 'ಗೌಡ' ಸೇರಿಸುತ್ತಾರೆ. ಆಯುಷ್ಮಾನ್ ಯೋಜನೆಯ ಕೌಂಟರಿನಲ್ಲಿ ಅಪ್ಪ ಇಬ್ಬರಾಗಿಬಿಡುತ್ತಾರೆ.

ಯಾವಾಗ ಹೋಗಬೇಕು

ಗಡ್ಡೆ ಸಣ್ಣದಿದ್ದಾಗಲೇ ಆಪರೇಷನ್ ಆದವರಿಗೆ, ಅಂದರೆ 1 ಮತ್ತು 2ನೇ ಹಂತದವರಿಗೆ, ಮೊದಲ 2–3 ವರ್ಷ 6 ತಿಂಗಳಿಗೊಮ್ಮೆ ಡಾಕ್ಟರ ತಪಾಸಣೆ ಮತ್ತು ಎದೆಯ ಸಿಟಿ, ಆಮೇಲೆ ವರ್ಷಕ್ಕೊಮ್ಮೆ ಕಡಿಮೆ ಡೋಸಿನ ಸಿಟಿ. 3ನೇ ಹಂತದವರು, ಕರೆಂಟೇ ಮುಖ್ಯ ಚಿಕಿತ್ಸೆಯಾದವರು ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ 2 ವರ್ಷ 6 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಸ್ಮಾಲ್ ಸೆಲ್ ಜಾತಿಯವರಿಗೆ ಇನ್ನೂ ಬಿಗಿ, ಮೆದುಳಿನ ಎಂಆರ್‌ಐ ಕೂಡ ಸೇರುತ್ತದೆ. ಎದೆಯೊಳಗಿನ ಥೈಮಸ್ ಗ್ರಂಥಿಯ ಥೈಮೋಮಾ ಗಡ್ಡೆ ಬಹಳ ತಡವಾಗಿಯೂ ಮರಳಬಲ್ಲದು, ಅದರ ಮೇಲೆ 10 ವರ್ಷ ಕಣ್ಣಿಡುತ್ತಾರೆ.

ಐದು ವರ್ಷ ದಾಟಿದ ಮೇಲೂ ವರ್ಷಕ್ಕೊಮ್ಮೆ ಯಾಕೆ? ಹಳೆಯದು ಮರಳದಿದ್ದರೂ ಹೊಸದೊಂದು ಬೇರೆ ಜಾಗದಲ್ಲಿ ಹುಟ್ಟಬಹುದು. ಶ್ವಾಸಕೋಶದ ಕ್ಯಾನ್ಸರ್ ಗೆದ್ದವರಲ್ಲಿ ಅದರ ಸಾಧ್ಯತೆ ವರ್ಷಕ್ಕೆ ಸುಮಾರು ಶೇ. 1ರಿಂದ 2.

ಧ್ವನಿಪೆಟ್ಟಿಗೆಯ ಕ್ಯಾನ್ಸರಿನವರದು ಬೇರೆ ದಾರಿ, ಇಎನ್‌ಟಿ ಡಾಕ್ಟರು ಗಂಟಲಿಗೆ ಕೊಳವೆ ಬಿಟ್ಟು ನೋಡುತ್ತಾರೆ. ಮೊದಲ ವರ್ಷ 1–3 ತಿಂಗಳಿಗೊಮ್ಮೆ, ಎರಡನೇ ವರ್ಷ 2–6 ತಿಂಗಳಿಗೊಮ್ಮೆ, ಐದರವರೆಗೆ 4–8 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಕುತ್ತಿಗೆಗೆ ಕರೆಂಟು ಬಿದ್ದವರು 6–12 ತಿಂಗಳಿಗೊಮ್ಮೆ ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಸುಸ್ತು, ಮೈ ಊತ, ಮಲಬದ್ಧತೆ ಎಲ್ಲವನ್ನೂ 'ಆ ಜಡ್ಡಿಂದ' ಎಂದು ನುಂಗಿಕೊಂಡು ಕೂತಿರುತ್ತಾರೆ, ಒಂದು ಮಾತ್ರೆಯಿಂದ ಹೋಗುವ ತೊಂದರೆ ಅದು.

ಪ್ರತಿ ಸಲ ಪೆಟ್ ಸ್ಕ್ಯಾನ್ ಮಾಡಿಸಿ, ರಕ್ತದಲ್ಲಿ ಕ್ಯಾನ್ಸರ್ ಮಾರ್ಕರ್ ನೋಡಿಸಿ ಎನ್ನುವ ಬಂಧುಗಳು ಎಲ್ಲರ ಮನೆಯಲ್ಲೂ ಇದ್ದಾರೆ. ತೊಂದರೆಯಿಲ್ಲದವರ ಮಾಮೂಲು ಫಾಲೋಅಪ್‌ಗೆ ಎರಡೂ ಬೇಕಿಲ್ಲ. ಸಿಟಿಯಲ್ಲಿ ಅನುಮಾನ ಬಂದರೆ ಪೆಟ್ ಬಗ್ಗೆ ಡಾಕ್ಟರೇ ಹೇಳುತ್ತಾರೆ. ಸಿಟಿಯನ್ನು ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಮಾಡಿಸಿ ಸಿಡಿ ಒಯ್ಯಬಹುದು, ಆದರೆ ಸಾಧ್ಯವಾದಷ್ಟೂ ಅದೇ ಸೆಂಟರಿನಲ್ಲಿ. ಹಳೆಯ ಪೆನ್‌ಡ್ರೈವ್ ಅಲ್ಲಿಗೂ ಒಯ್ಯಿರಿ. ರಿಪೋರ್ಟು ಬರೆಯುವವರು ಹೋಲಿಸಿ ಬರೆದರೆ ನಮ್ಮ ನಾಲ್ಕು ದಿನದ ಉಪವಾಸ ನಿಮಗಿರುವುದಿಲ್ಲ. ಸ್ಕ್ಯಾನಿನ ಚಿತ್ರ ಸ್ಪಷ್ಟವಾಗಲು ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಇದ್ದರೆ ಮೊದಲು ಕ್ರಿಯಾಟಿನಿನ್ ಎಂಬ ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ.

ತಾರೀಖು ತಪ್ಪುವುದು ಯಾವಾಗ? ನಾಟಿ, ಕಟಾವು, ಜಾತ್ರೆ. "ಸುಗ್ಗಿ ಮುಗಿಲಿ" ಎನ್ನುತ್ತ ಆರು ತಿಂಗಳು ಹತ್ತಾಗುತ್ತದೆ. ಅದಕ್ಕೆ ನಾವು ಕ್ಯಾಲೆಂಡರನ್ನೇ ತುಂಗಭದ್ರೆಯ ಎಡದಂಡೆ ನಾಲೆಗೆ ಕಟ್ಟಿದ್ದೇವೆ. ನೀರು ಬಿಡುವ ಮೊದಲು ಜೂನಿನಲ್ಲಿ ಒಂದು, ಭತ್ತ ಮನೆಗೆ ಬಂದ ಮೇಲೆ ಡಿಸೆಂಬರಿನಲ್ಲಿ ಒಂದು. ಆ ವ್ಯವಸ್ಥೆ ಆದಾಗಿನಿಂದ ಒಂದೂ ತಪ್ಪಿಲ್ಲ.

ನಡುವಿನ ತಿಂಗಳುಗಳ ನೋಟ್‌ಬುಕ್

ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ತಿಂಗಳ ಮೊದಲ ದಿನ ತೂಕ. ಉಸಿರು ಹೇಗಿದೆ ಎಂಬುದನ್ನು ಅವರದೇ ಮಾತಿನಲ್ಲಿ ಬರೆಯಿರಿ, ಡಾಕ್ಟರ ಭಾಷೆಗೆ ತಿರುಗಿಸಬೇಡಿ. ನಮ್ಮ ಪುಸ್ತಕದ ಒಂದು ಪುಟ: "ಆಗಸ್ಟ್. 54 ಕೆ.ಜಿ. ಹನುಮಪ್ಪನ ಗುಡಿ ತನಕ ನಿಲ್ಲದ ಹೋದೆ. ಸೆಪ್ಟೆಂಬರ್. 54. ಗುಡಿ ಹಾದ್ಯಾಗ ಎಡ್ಡು ಸಲ ನಿಂತೆ, ದಮ್ಮು. ಅಕ್ಟೋಬರ್. 51." ಮೂರು ತಿಂಗಳ ಈ ಮೂರು ಸಾಲು ನೋಡಿದ್ದೇ ಡಾಕ್ಟರು ಸ್ಕ್ಯಾನನ್ನು ಎರಡು ತಿಂಗಳು ಮುಂಚೆ ಮಾಡಿಸಿದರು. ಆ ಸಲ ಸಿಕ್ಕಿದ್ದು ಹದ್ದು ಮೀರಿದ ಸಕ್ಕರೆ ಮತ್ತು ಎದೆಯ ಸೋಂಕು. ಎರಡಕ್ಕೂ ಔಷಧಿ ಇತ್ತು.

ಕರೆಂಟು ಮುಗಿದ 1ರಿಂದ 6 ತಿಂಗಳೊಳಗೆ ಒಣ ಕೆಮ್ಮು, ದಮ್ಮು, ಸಣ್ಣ ಜ್ವರ ಬಂದರೆ ಅದು ಕರೆಂಟಿನಿಂದಾದ ಶ್ವಾಸಕೋಶದ ಉರಿಯೂತ ಇರಬಹುದು. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ವಾರಗಟ್ಟಲೆ ನುಂಗಿಸಬೇಡಿ, ಅದಕ್ಕೆ ಚಿಕಿತ್ಸೆ ಬೇರೆ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮಾಡಿಸಿ. ಆದರೆ ಮೇಲಿನ ಹಾಳೆ ತೋರಿಸದೆ ಬರೀ ನೆರಳು ನೋಡಿ ಮತ್ತೆ ಎಕೆಟಿ ಶುರು ಮಾಡಿಸಿಕೊಳ್ಳಬೇಡಿ.

ಮುಂದಿನ ತಾರೀಖಿಗೆ ಕಾಯಬಾರದಂಥವು: ಕಫದಲ್ಲಿ ರಕ್ತ, ಹೊಸ ತಲೆನೋವು ಜೊತೆಗೆ ವಾಂತಿ, ಫಿಟ್ಸ್, ಕೈಕಾಲಿನ ಬಲ ತಗ್ಗುವುದು, ಮುಖ ಮತ್ತು ಕುತ್ತಿಗೆ ಊದುವುದು, ವಾರಗಟ್ಟಲೆ ಕೂತ ಧ್ವನಿ, ರಾತ್ರಿಯೂ ಬಿಡದ ಮೂಳೆ ನೋವು. ಬೆನ್ನು ನೋವಿನ ಜೊತೆ ಕಾಲು ಸೋತರೆ ಅಥವಾ ಮೂತ್ರ ಕಟ್ಟಿದರೆ ಅದೇ ದಿನ, ಅದೇ ಗಂಟೆ ಹೊರಡಿ. ಬೆನ್ನುಹುರಿ ಒತ್ತಿದರೆ ಕಾಲು ಉಳಿಯುವುದು ಗಂಟೆಗಳ ಲೆಕ್ಕದಲ್ಲಿ.

ಹೊಗೆ, ಧೂಳು, ಸೂಜಿ

ಬೀಡಿ, ಗುಟ್ಕಾ ಬಿಟ್ಟಿರಬೇಕು, ಮನೆಯಲ್ಲಿ ಉಳಿದವರೂ. "ಬಂದದ್ದು ಬಂದಾಯ್ತು, ಇನ್ನ ಬಿಟ್ಟ ಏನ ಮಾಡೋದು" ಎಂಬ ಮಾತು ನಾನು ಸಾಕಷ್ಟು ಕೇಳಿದ್ದೇನೆ. ಬಿಟ್ಟವರಿಗೆ ಎರಡನೇ ಕ್ಯಾನ್ಸರಿನ ಭಯ ಕಡಿಮೆ, ಉಸಿರೂ ಸಲೀಸು. ಬಿಡಲು ಆಗದವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356. ಸಂಡೂರು, ತೋರಣಗಲ್ಲಿನ ಅದಿರು ಧೂಳು, ಗಿಣಿಗೇರಿ ಕಡೆಯ ಕಾರ್ಖಾನೆ ಹೊಗೆ, ಶಕ್ತಿನಗರದ ಬೂದಿ, ಗಿರಣಿಯ ತೌಡು, ಸೌದೆ ಒಲೆ, ಇವುಗಳಿಂದ ಊರು ಬಿಟ್ಟು ಓಡಲಾಗದು. ಗಾಳಿ ಎದ್ದ ದಿನ ಮಾಸ್ಕ್ ಹಾಕಿ, ಗಿರಣಿ ಕೆಲಸಕ್ಕೆ ಮತ್ತೆ ಹೋಗಬೇಡಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ, ನ್ಯುಮೋಕಾಕಲ್ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ.

ರೋಗಿಗೆ ರೋಗದ ಹೆಸರೇ ಹೇಳದ ಮನೆಗಳು ನಮ್ಮಲ್ಲಿ ಬಹಳ. ನಾವೂ ಮೊದಲ ವರ್ಷ 'ಎದಿಯೊಳಗ ಗಂಟು' ಎಂದೇ ಹೇಳಿದ್ದೆವು. ಒಂದು ದಿನ ಕೌಂಟರಿನಲ್ಲಿ "ಕ್ಯಾನ್ಸರ್ ಪೇಷಂಟ್ ಯಾರ್ರೀ?" ಎಂದು ಕೂಗಿದರು. ಅಪ್ಪ ತಾವೇ ಕೈ ಎತ್ತಿದರು. ಅವರಿಗೆ ಗೊತ್ತಿತ್ತು, ನಮಗಾಗಿ ಸುಮ್ಮನಿದ್ದರು. ನೋಟ್‌ಬುಕ್ ಅವರ ಕೈಗೆ ಹೋದದ್ದು ಆಮೇಲೆ.

ದುಡ್ಡು, ದಾರಿ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಯೋಜನೆಯಿಂದ ಪ್ಯಾಕೇಜ್ ದರದ ಶೇ. 30 ಮಾತ್ರ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ, ನಿಮ್ಮ ಸ್ಕ್ಯಾನ್ ಅದರಡಿ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಕೂತಿರುವ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ. ರೆಫರಲ್ ಪತ್ರದ ನಕಲೂ ಫೈಲಿಗೆ ಸೇರಲಿ.

ರೈಲಿನ ರಿಯಾಯಿತಿ ತಪಾಸಣೆಯ ಪ್ರಯಾಣಕ್ಕೂ ಉಂಟು. ಸ್ಲೀಪರ್ ಮತ್ತು ಎಸಿ ಮೂರನೇ ದರ್ಜೆಯಲ್ಲಿ ಕ್ಯಾನ್ಸರ್ ರೋಗಿಗೆ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೊಬ್ಬರಿಗೆ ಶೇ. 75 ಕಡಿತ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ಸಹಿ, ಸೀಲು ಬೇಕು. ಹೊರಡುವ ದಿನ ಓಡಾಡುವ ಬದಲು ಈ ಸಲ ಹೋದಾಗಲೇ ಮುಂದಿನ ಸಲದ್ದನ್ನು ವಿಚಾರಿಸಿಕೊಳ್ಳಿ.

ಹಿಂದಿನ ರಾತ್ರಿ ಚೀಲಕ್ಕೆ ಹಾಕುವುದು: ಮೇಲಿನ ಹಾಳೆಯ ಎರಡು ಪ್ರತಿ, ಹಿಂದಿನ ಎರಡು ಸ್ಕ್ಯಾನಿನ ಸಿಡಿ ಮತ್ತು ಪೆನ್‌ಡ್ರೈವ್, ನೋಟ್‌ಬುಕ್, ನುಂಗುತ್ತಿರುವ ಮಾತ್ರೆಗಳ ಖಾಲಿ ಪಟ್ಟಿಗಳು, ಆಧಾರ್, ಆಯುಷ್ಮಾನ್ ಕಾರ್ಡು, ಕೇಳಬೇಕಾದ ಮೂರು ಪ್ರಶ್ನೆ ಬರೆದ ಚೀಟಿ. ಮೂರಕ್ಕಿಂತ ಹೆಚ್ಚಿದ್ದರೆ ಕೊನೆಯವು ಉಳಿದೇ ಹೋಗುತ್ತವೆ, ಮುಖ್ಯವಾದದ್ದು ಮೊದಲಿರಲಿ. ಏಳುವ ಮುಂಚೆ ಮುಂದಿನ ತಾರೀಖು ಮತ್ತು ಪರೀಕ್ಷೆಯ ಹೆಸರನ್ನು ಡಾಕ್ಟರ ಕೈಯಿಂದಲೇ ಮೇಲಿನ ಹಾಳೆಯ ಕೆಳಗೆ ಬರೆಸಿಕೊಳ್ಳಿ. ನಮ್ಮದರಲ್ಲಿ ಈಗ ಇರುವುದು: ಜೂನ್ ಎರಡನೇ ವಾರ, ಎದೆಯ ಸಿಟಿ, ಟಿಎಸ್‌ಎಚ್, ಕ್ರಿಯಾಟಿನಿನ್.